ಬೀಳುವ ಕಾವೇರಿ, ಏರುವ ಕಾವೇರಿ

‘ದೇಶ ಮೊದಲು ಶ್ರೀಮಂತವಾಗಲಿ, ಹೊಗೆಯ ಮಾತು ಆಮೇಲೆ’ ಎಂಬ ವಾದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಆಧಾರವಿದೆ. 1991ರಲ್ಲಿ ಅಮೆರಿಕದ ಜೀನ್ ಗ್ರಾಸ್‌ಮನ್ ಮತ್ತು ಅಲನ್ ಕ್ರೂಗರ್ ಹಲವು ದೇಶಗಳ ನಗರಗಳ ಗಾಳಿಯನ್ನು ಲೆಕ್ಕಕ್ಕೆ ಹಿಡಿದರು. ಆದಾಯ ಏರಿದಂತೆ ಗಂಧಕದ ಹೊಗೆಯೂ ಮಸಿಯೂ ಒಂದು ಮಟ್ಟದವರೆಗೆ ಹೆಚ್ಚಿ, ಆಮೇಲೆ ಇಳಿಯುತ್ತವೆ ಎಂದು ತೋರಿಸಿದರು. ಅದು ಸಹಜವೇ. ಮಸಿ ಉಗುಳಿದ ಊರಿನ ಜನರೇ ಕೆಮ್ಮುತ್ತಾರೆ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಅವರೇ ದನಿ ಎತ್ತುತ್ತಾರೆ, ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಿಟ್ಟವರ ಗಂಟಲನ್ನು ಅದು ಹಿಡಿಯುವುದಿಲ್ಲ. ಅದರ ಪೆಟ್ಟು ಬೀಳುವುದು ಇನ್ನೆಲ್ಲೋ, ಇನ್ಯಾರಿಗೋ, ಎಷ್ಟೋ ವರ್ಷಗಳ ನಂತರ. ಹೀಗಾಗಿ ಸಿರಿವಂತಿಕೆ ಬಂದ ಮಾತ್ರಕ್ಕೆ ಇಂಗಾಲ ತಾನಾಗಿ ಇಳಿಯುತ್ತದೆಂದು ನಂಬಿ ಕೂರುವಂತಿಲ್ಲ. ಅಷ್ಟರೊಳಗೆ ನಾವು ಎಂಥ ಊರು ಕಟ್ಟಿಕೊಂಡಿರುತ್ತೇವೆ ಎಂಬುದೇ ಮುಖ್ಯವಾಗುತ್ತದೆ.

ಬೆಂಗಳೂರನ್ನೇ ನೋಡಿ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ ಹರಿದದ್ದು ಮೊದಲಿಗೆ ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷದ ನಂತರ ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಆ ವಿದ್ಯುತ್ತಿಗೆ ಕಲ್ಲಿದ್ದಲು ಬೇಕಿರಲಿಲ್ಲ. ಕಾವೇರಿ ಮೇಲಿನಿಂದ ಬೀಳುತ್ತಿದ್ದಳು, ಅಷ್ಟೇ ಸಾಕಿತ್ತು. ಆಗ ಊರಿನ ಕುಡಿಯುವ ನೀರು ಬರುತ್ತಿದ್ದುದು ಹತ್ತಿರದ ಹೆಸರಘಟ್ಟದಿಂದ. 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾಯಿತು. 1974ರಲ್ಲಿ ಕಾವೇರಿ ನೀರಿನ ಯೋಜನೆಯ ಮೊದಲ ಹಂತ ಬಂತು, 2024ರ ಅಕ್ಟೋಬರ್‌ನಲ್ಲಿ ಐದನೆಯದು. ಊರು ಹಿಗ್ಗಿದಂತೆಲ್ಲ ನೀರು ದೂರವಾಯಿತು. ಆ ಹಳೆಯ ಜಲಾಶಯಗಳ ಅರ್ಕಾವತಿ ನದಿ ಕೆಟ್ಟಿತು, ಕೆರೆಗಳು ಬಡಾವಣೆಗಳಾದವು, ಉಳಿದವಕ್ಕೆ ಕೊಳಚೆ ಸೇರಿತು.

ಕಾವೇರಿ ನೀರನ್ನು ಬೆಂಗಳೂರಿಗೆ ತಿರುಗಿಸಿಕೊಳ್ಳುವುದೂ ಅದೇ ಶಿವನಸಮುದ್ರದ ಆಸುಪಾಸಿನಲ್ಲೇ. ಅಂದು ಬೀಳುವ ನೀರಿನಿಂದ ಊರಿಗೆ ದೀಪ ಹಚ್ಚಿದೆವು; ಇಂದು ಅದೇ ನೀರನ್ನು ಮೇಲೇರಿಸಲು ವಿದ್ಯುತ್ ಸುರಿಯುತ್ತಿದ್ದೇವೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಸುಮಾರು ನೂರು ಕಿಲೋಮೀಟರ್ ದೂರ ತರಬೇಕು. ಏರು, ಕೊಳವೆಯೊಳಗಿನ ಘರ್ಷಣೆ ಎಲ್ಲ ಸೇರಿದರೆ ನೀರನ್ನು ಐನೂರು ಮೀಟರ್ ನೆಟ್ಟಗೆ ಎತ್ತಿದಷ್ಟೇ ಶ್ರಮ. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಒಯ್ಯಲು ಭೌತಶಾಸ್ತ್ರದ ಲೆಕ್ಕದಲ್ಲೇ 1.36 ಯೂನಿಟ್ ಬೇಕು. ಪಂಪು, ಮೋಟಾರಿನ ನಷ್ಟ ಸೇರಿದರೆ ಒಂದೂವರೆ ದಾಟುತ್ತದೆ. ಐದೂ ಹಂತಗಳ ಪೂರ್ಣ ಸಾಮರ್ಥ್ಯ ದಿನಕ್ಕೆ 222 ಕೋಟಿ ಲೀಟರಿಗೂ ಹೆಚ್ಚು. ಅಂದರೆ ದಿನವೊಂದಕ್ಕೆ 30 ಲಕ್ಷ ಯೂನಿಟ್ಟಿಗೂ ಮಿಕ್ಕಿದ ವಿದ್ಯುತ್. ನಮ್ಮ ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಆ ದರದಲ್ಲಿ ಬರೀ ನೀರು ಎತ್ತುವುದಕ್ಕೇ ನಿತ್ಯ ಎರಡು ಸಾವಿರ ಟನ್ನಿಗೂ ಹೆಚ್ಚು.

ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇರುವಾಗ ಈ ಚಿಂತೆ ಯಾಕೆ ಎನ್ನಬಹುದು. ಪಾವಗಡ ಆಗಿದ್ದು ಒಳ್ಳೆಯದೇ, ಅಂಥವು ಇನ್ನಷ್ಟು ಬೇಕು. ಆದರೆ ಸಂಜೆ ಸೂರ್ಯ ಮುಳುಗಿದ ಮೇಲೂ ಪಂಪುಗಳು ನಿಲ್ಲುವಂತಿಲ್ಲ. ಆ ಹೊತ್ತಿಗೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಬಾಯ್ಲರುಗಳು ಉರಿಯಬೇಕು. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲೂ ಇಲ್ಲ. ಸಿಂಗರೇಣಿ, ಒಡಿಶಾಗಳಿಂದ ರೈಲಿನಲ್ಲಿ ಬರಬೇಕು.

ಹಾಗೆಂದು ಬೆಳೆಯಬೇಡಿ ಎಂದು ಯಾರಿಗೆ ಹೇಳುವುದು? ಭಾರತೀಯನೊಬ್ಬನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದು 14ರ ಆಸುಪಾಸು. ನಗರವೇ ಪಾಪವೆಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಒತ್ತಾಗಿ ಬದುಕುವ ಜನಕ್ಕೆ ಬಸ್ಸು ಸಾಕಾಗುತ್ತದೆ, ತಂತಿ–ಕೊಳವೆಗಳೂ ಕಡಿಮೆ ಸಾಕು. ಆ ಲಾಭ ಕೈತಪ್ಪುವುದು ಊರು ಹೊರವಲಯಕ್ಕೆ ಚೆಲ್ಲಿದಾಗ. ಅಲ್ಲಿ ಮೊದಲು ಸೈಟು, ಆಮೇಲೆ ರಸ್ತೆ, ಎಲ್ಲಕ್ಕಿಂತ ಕೊನೆಗೆ ನಲ್ಲಿ. ನಲ್ಲಿ ಬರುವವರೆಗೆ ಡೀಸೆಲ್ ಕುಡಿಯುವ ಟ್ಯಾಂಕರು. ಅದಕ್ಕೆ ದುಡ್ಡು ಸುರಿಯುವವರು ನಲ್ಲಿಯಿಲ್ಲದವರೇ.

ಇಷ್ಟೆಲ್ಲದರ ನಡುವೆ ಬೆಂಗಳೂರಿನ ಮೇಲೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. 30×40 ಅಡಿಯ ಒಂದು ಸೈಟಿನ ಮೇಲೇ ಒಂದು ಲಕ್ಷ ಲೀಟರಿಗೂ ಹೆಚ್ಚು! ಆ ನೀರನ್ನು ಮೂರು ಕಡೆ ಪಂಪ್ ಮಾಡಿ ಎತ್ತಬೇಕಿಲ್ಲ; ಮೋಡವೇ ಅದನ್ನು ನಮ್ಮ ಒಂಬೈನೂರು ಮೀಟರ್ ಎತ್ತರದ ಊರಿಗೆ ತಂದು ಸುರಿದಿರುತ್ತದೆ. ಮಳೆಕೊಯ್ಲು 2009ರಲ್ಲೇ ಕಾಯ್ದೆಯಾಯಿತು. ಆದರೂ ಎಷ್ಟೋ ಮನೆಗಳಲ್ಲಿ ಮಹಡಿಯ ಪೈಪು ಇವತ್ತಿಗೂ ನೇರ ಚರಂಡಿಗೇ ಇಳಿದಿರುತ್ತದೆ.

ನೀರಿನ ಯೋಜನಾ ವರದಿಗಳಲ್ಲಿ ಎಷ್ಟು ಕೋಟಿ ರೂಪಾಯಿ, ಎಷ್ಟು ಕೋಟಿ ಲೀಟರ್ ಎಂಬುದು ದೊಡ್ಡದಾಗಿ ಕಾಣುತ್ತದೆ. ಮುಂದಿನ ಯೋಜನೆ ಬಂದಾಗ ಅದರ ಮೊದಲ ಪುಟದಲ್ಲಿ ಇನ್ನೆರಡು ಸಾಲು ಇರಲಿ: ಸಾವಿರ ಲೀಟರಿಗೆ ಎಷ್ಟು ಯೂನಿಟ್, ರಾತ್ರಿ ಹೊತ್ತು ಆ ಯೂನಿಟ್ ಬರುವುದು ಎಲ್ಲಿಂದ. ಕೊಳವೆ ಒಮ್ಮೆ ನೆಲಕ್ಕಿಳಿದರೆ ಐವತ್ತು ವರ್ಷ ಅಲ್ಲೇ ಇರುತ್ತದೆ. ಆದ್ದರಿಂದ ಟೆಂಡರ್ ಕರೆಯುವ ಮೊದಲೇ ಶಾಸಕರೂ ಪತ್ರಕರ್ತರೂ ಈ ಎರಡು ಉತ್ತರಗಳನ್ನು ಕೇಳಿ ಪಡೆಯಬೇಕು.