ಮಧ್ಯಸ್ಥಿಕೆಯನ್ನು ದೂರುವ ಮೊದಲು

ಸರ್ಕಾರಿ ಖರೀದಿ ಮತ್ತು ಕಾಮಗಾರಿಯ ಕರಾರುಗಳಲ್ಲಿ ಮಧ್ಯಸ್ಥಿಕೆಯ ಷರತ್ತನ್ನು ರೂಢಿಯಂತೆ ಸೇರಿಸಬಾರದು, ಸೇರಿಸಿದರೂ ಸಾಮಾನ್ಯವಾಗಿ ಹತ್ತು ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವಿವಾದಗಳಿಗೆ ಸೀಮಿತಗೊಳಿಸಬೇಕು ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಜೂನ್ 3ರಂದು ಮಾರ್ಗಸೂಚಿ ಹೊರಡಿಸಿತು. ಮಧ್ಯಸ್ಥಿಕೆ ದುಬಾರಿಯಾಗಿದೆ, ನಿಧಾನವಾಗಿದೆ, ಅದರ ಐತೀರ್ಪೂ ಕಡೆಗೆ ನ್ಯಾಯಾಲಯದ ಮೆಟ್ಟಿಲೇರುತ್ತದೆ ಎಂಬುದು ಸಚಿವಾಲಯದ ವಾದ. ಇದರಲ್ಲಿ ಸುಳ್ಳಿಲ್ಲ. ಆದರೆ ಸೋತಾಗಲೆಲ್ಲ ಮೆಟ್ಟಿಲೇರುವವರು ಯಾರು? ಸರ್ಕಾರವೇ ಅಲ್ಲವೆ?

ಇದರ ಮೂಲ ಕಾನೂನಿನಲ್ಲಿಲ್ಲ, ಕಡತದಲ್ಲಿದೆ. 1996ರ ಮಧ್ಯಸ್ಥಿಕೆ ಕಾಯ್ದೆಯ 34ನೇ ಕಲಮು ಐತೀರ್ಪನ್ನು ಪ್ರಶ್ನಿಸಲು ಕೆಲವೇ ಕಾರಣಗಳನ್ನು ಒಪ್ಪುತ್ತದೆ. ಆದರೂ ‘ಪ್ರಶ್ನಿಸುವುದು ಸೂಕ್ತ’ ಎಂಬ ಷರಾ ಬರೆಯುವ ಅಧಿಕಾರಿಯನ್ನು ಯಾರೂ ಕೇಳುವುದಿಲ್ಲ. ‘ಪಾವತಿಸಬಹುದು’ ಎಂದು ಬರೆದವನನ್ನು ಲೆಕ್ಕಪರಿಶೋಧಕರೂ ಜಾಗೃತ ದಳದವರೂ ಕೇಳುತ್ತಾರೆ. ನನ್ನ ಸೇವಾವಧಿಯಲ್ಲಿ ನಾನು ಕಂಡ ಇಂಥ ಕಡತಗಳಲ್ಲಿ ಎರಡನೆಯ ಷರಾ ಅಪರೂಪ. ಅಷ್ಟರಲ್ಲಿ ಬಡ್ಡಿ ಬೆಳೆಯುತ್ತಿರುತ್ತದೆ. ಅದನ್ನು ತೆರುವುದು ಬೊಕ್ಕಸ. ಬುದ್ಧಿವಂತ ಗುತ್ತಿಗೆದಾರ ಈ ವಿಳಂಬದ ಬೆಲೆಯನ್ನು ಟೆಂಡರ್ ದರದಲ್ಲೇ ಸೇರಿಸಿಬಿಡುತ್ತಾನೆ ಎಂಬುದನ್ನು ತಿಳಿಯಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ.

ಪ್ರಶ್ನಿಸಿದ ಐತೀರ್ಪಿನ ಶೇ 75ರಷ್ಟನ್ನು ಬ್ಯಾಂಕ್ ಖಾತರಿಯ ಮೇಲೆ ಪಾವತಿಸಬೇಕೆಂದು ಕೇಂದ್ರ ಸಂಪುಟ ಸಮಿತಿ 2016ರಲ್ಲೇ ತೀರ್ಮಾನಿಸಿತ್ತು. 2023ರ ‘ವಿವಾದ್ ಸೇ ವಿಶ್ವಾಸ್’ ಯೋಜನೆಯಾದರೋ, ಗೆದ್ದವನಿಗೆ ಐತೀರ್ಪಿನ ಗರಿಷ್ಠ ಶೇ 65ನ್ನು ನೀಡಿ ವ್ಯಾಜ್ಯ ಮುಗಿಸಲು ಮುಂದಾಯಿತು. ಸೋತ ಸಾಲಗಾರನೇ ರಿಯಾಯಿತಿ ಘೋಷಿಸಿದಂತೆ!

ಮಾರ್ಗಸೂಚಿಯ ಸಮರ್ಥಕರು ಬೆಂಗಳೂರಿನ ಆಂಟ್ರಿಕ್ಸ್–ದೇವಾಸ್ ಪ್ರಕರಣವನ್ನು ಎತ್ತಿ ತೋರಿಸಬಹುದು. 2005ರಲ್ಲಿ ಇಸ್ರೋದ ವಾಣಿಜ್ಯ ಅಂಗಸಂಸ್ಥೆ ಮಾಡಿಕೊಂಡ ಎಸ್-ಬ್ಯಾಂಡ್ ಕರಾರು 2011ರಲ್ಲಿ ರದ್ದಾಯಿತು. 2015ರಲ್ಲಿ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನ್ಯಾಯಮಂಡಳಿ ದೇವಾಸ್‌ಗೆ 56.25 ಕೋಟಿ ಡಾಲರ್ ನೀಡುವಂತೆ ವಿಧಿಸಿತು. ಕರಾರೇ ವಂಚನೆಯ ಕೂಸೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಕಂಪನಿಯ ಸಮಾಪನೆಯನ್ನು ಎತ್ತಿಹಿಡಿಯಿತು; ಅದೇ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಐತೀರ್ಪನ್ನು ರದ್ದುಪಡಿಸಿತು. ಇಷ್ಟಾದರೂ 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯವ್ಯಾಪ್ತಿಯ ಪ್ರಶ್ನೆಯ ಮೇಲೆ ಈ ವ್ಯಾಜ್ಯಕ್ಕೆ ಮತ್ತೆ ಜೀವ ಕೊಟ್ಟಿತು. ಆದರೆ ಗಮನಿಸಬೇಕಾದ್ದು ಬೇರೆಯೇ ಇದೆ. 2011ರಲ್ಲಿ ಕರಾರು ಮುರಿದಾಗ ಸರ್ಕಾರ ಕೊಟ್ಟ ಕಾರಣ ವಂಚನೆಯಲ್ಲ, ದೇಶದ ವ್ಯೂಹಾತ್ಮಕ ಅಗತ್ಯ. ಸಹಿಗೆ ಮುನ್ನ ನಡೆಯಬೇಕಿದ್ದ ಪರಿಶೀಲನೆ ನಡೆಯದಿದ್ದರೆ, ವಿವಾದವನ್ನು ಸಿವಿಲ್ ನ್ಯಾಯಾಲಯ ಕೇಳಿದರೇನು, ಮಧ್ಯಸ್ಥಿಕೆದಾರ ಕೇಳಿದರೇನು?

ದೊಡ್ಡ ಕಂಪನಿಗಳು ಹೇಗೋ ಕಾಯುತ್ತವೆ. ಕಾಯಲಾರದವರು ಅವುಗಳ ಕೆಳಗಿನ ಉಪಗುತ್ತಿಗೆದಾರರು. ನಮ್ಮ ರಾಮಕೃಷ್ಣನಗರದಲ್ಲಿ ಮನೆ ಮಾಡಿಕೊಂಡು ಹೂಟಗಳ್ಳಿಯಲ್ಲಿ ಸಣ್ಣ ಕಾರ್ಖಾನೆ ನಡೆಸುವ ಪರಿಚಿತರೊಬ್ಬರನ್ನು ಕೇಳಿದೆ. 2006ರ ಕಾಯ್ದೆ ಸಣ್ಣ ಉದ್ದಿಮೆಗಳಿಗೆ 45 ದಿನಗಳೊಳಗೆ ಪಾವತಿಯನ್ನೂ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯನ್ನೂ ಕೊಟ್ಟಿದೆಯಲ್ಲ ಎಂದೆ. ‘ದೂರು ಕೊಟ್ಟರೆ ಮುಂದಿನ ಆರ್ಡರ್ ಯಾರು ಕೊಡ್ತಾರೆ ಸಾರ್?’ ಎಂದರು. ಮೇಲಿನವರ ಬಿಲ್ಲು ನ್ಯಾಯಾಲಯದಲ್ಲಿ ಕುಳಿತರೆ ಇವರ ಬಿಲ್ಲೂ ಅದರ ಜೊತೆಗೇ ಕೂರುತ್ತದೆ.

ಮಾರ್ಗಸೂಚಿ ಸಂಧಾನವನ್ನು ಪ್ರೋತ್ಸಾಹಿಸಿರುವುದು ಸ್ವಾಗತಾರ್ಹ. ಆದರೆ ಸಂಧಾನಕ್ಕೂ ಯಾರಾದರೊಬ್ಬರು ಸಹಿ ಹಾಕಬೇಕು. ಐತೀರ್ಪನ್ನು ಪ್ರಶ್ನಿಸುವ ಪ್ರತಿಯೊಂದು ಪ್ರಸ್ತಾವದಲ್ಲೂ ಗೆಲುವಿನ ಸಾಧ್ಯತೆಯನ್ನೂ ದಿನವೊಂದಕ್ಕೆ ಬೀಳುವ ಬಡ್ಡಿಯನ್ನೂ ಅಂಕಿಗಳಲ್ಲಿ ನಮೂದಿಸುವುದು ಕಡ್ಡಾಯವಾಗಲಿ, ಅದರ ಕೆಳಗೆ ಅಧಿಕಾರಿಯ ಹೆಸರಿರಲಿ. ಇದಕ್ಕೆ ಕಾಯ್ದೆಯ ತಿದ್ದುಪಡಿ ಬೇಕಿಲ್ಲ. ಒಂದು ಸುತ್ತೋಲೆ ಸಾಕು.