ಅಂಕಿತವಿಲ್ಲದೆ ಆಟ ತೋರಿಸಬೇಡಿ: ಹುಲಸೂರಿನಿಂದ ಹಕ್ಕೊತ್ತಾಯ ಪತ್ರ

ಇವರಿಗೆ:
ಕಾರ್ಯದರ್ಶಿಗಳು, ಎಲೆಕ್ಟ್ರಾನಿಕ್ಸ್, ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ, ಬೆಂಗಳೂರು
ಕಾರ್ಯದರ್ಶಿಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ
ಜಿಲ್ಲಾಧಿಕಾರಿಗಳು, ಬೀದರ್

ವಿಷಯ: ಗೇಮ್ ಜಾಮ್‌ಗಳಲ್ಲಿ ಕಟ್ಟಿದ ಆಟಗಳನ್ನು ಸಮ್ಮೇಳನಗಳಲ್ಲಿ ಪ್ರದರ್ಶಿಸುವಾಗ ಕಟ್ಟಿದವರಿಗೆ ಸಲ್ಲಬೇಕಾದ ಹಕ್ಕುಗಳು.

ಮಾನ್ಯರೇ,

ಬೀದರ್ ಜಿಲ್ಲೆಯ ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳಲ್ಲಿ ಕಂಪ್ಯೂಟರ್ ಆಟ ಕಟ್ಟುವ ವಿದ್ಯಾರ್ಥಿಗಳು ಮತ್ತು ಓದು ಮುಗಿಸಿ ಕೆಲಸ ಹುಡುಕುತ್ತಿರುವ ಯುವಕ ಯುವತಿಯರು ಸೇರಿ ಈ ಪತ್ರ ಬರೆದಿದ್ದೇವೆ. ಗೇಮ್ ಜಾಮ್‌ನಲ್ಲಿ ಒಂದು ಥೀಮ್ ಕೊಡುತ್ತಾರೆ, ಸಾಮಾನ್ಯವಾಗಿ 48 ಗಂಟೆ ಕೊಡುತ್ತಾರೆ, ಅಷ್ಟರೊಳಗೆ ಆಡಲು ಬರುವ ಆಟವೊಂದು ಎದ್ದು ನಿಲ್ಲಬೇಕು. ಒಬ್ಬ ಕೋಡ್ ಬರೆಯುತ್ತಾನೆ, ಒಬ್ಬಳು ಚಿತ್ರ ಬಿಡಿಸುತ್ತಾಳೆ, ಇನ್ನೊಬ್ಬ ಸದ್ದು ಕೂಡಿಸುತ್ತಾನೆ. ನಮ್ಮ ಮೇಜಿನ ಸುತ್ತ ಕನ್ನಡ, ಮರಾಠಿ, ಉರ್ದು ಮೂರೂ ಮಾತು ನಡೆಯುತ್ತವೆ. ಕರೆಂಟ್ ಹೋದರೆ ಬ್ಯಾಟರಿ ಉಳಿದಿರುವ ಲ್ಯಾಪ್‌ಟಾಪಿನ ಕಡೆ ಎಲ್ಲರೂ ಜರುಗಿ ಕೂರುತ್ತೇವೆ.

ಹೀಗೆ ಎರಡು ರಾತ್ರಿ ನಿದ್ದೆಗೆಟ್ಟು ಕಟ್ಟಿದ ಆಟವೊಂದು ಒಂದು ಸಮ್ಮೇಳನಕ್ಕೆ ಆಯ್ಕೆಯಾಯಿತು. ನಮ್ಮಲ್ಲಿ ಇಬ್ಬರು ಸ್ವಂತ ಖರ್ಚಿನಲ್ಲಿ ರಾತ್ರಿ ಬಸ್ಸು ಹತ್ತಿ ಹೋದರು. ತಮ್ಮದೇ ಆಟ ಇದ್ದ ಸಭಾಂಗಣದ ಒಳಗೆ ಹೋಗಲು ಟಿಕೆಟ್ ಕೊಂಡರು. ಒಳಗೆ ಆಟದ ವಿಡಿಯೊ ಪರದೆಯ ಮೇಲೆ ಸುತ್ತುತ್ತಿತ್ತು. ಕೆಳಗೆ 'ವಿದ್ಯಾರ್ಥಿಗಳ ಆಟ' ಎಂದಷ್ಟೇ ಇತ್ತು, ಒಬ್ಬರ ಹೆಸರೂ ಇರಲಿಲ್ಲ. ಇಬ್ಬರು ಕೂಡಿ ಆಡುವ ಆಟಕ್ಕೆ ಒಂದೇ ಕಂಟ್ರೋಲರ್ ಇಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಆಟ ಹ್ಯಾಂಗ್ ಆಯಿತು, ಅದನ್ನು ಮತ್ತೆ ಶುರು ಮಾಡಲು ಗೊತ್ತಿದ್ದ ನಮ್ಮವರನ್ನು ಮೇಜಿನ ಹತ್ತಿರ ಬಿಡಲಿಲ್ಲ. ಆ ಸಮ್ಮೇಳನದ ಹೆಸರನ್ನು ನಾವು ಹೇಳುತ್ತಿಲ್ಲ, ಏಕೆಂದರೆ ಇದು ಒಬ್ಬ ಸಂಘಟಕರ ತಪ್ಪಾಗಿ ಉಳಿದಿಲ್ಲ, ರೂಢಿಯಾಗಿಬಿಟ್ಟಿದೆ.

ಈ ರೂಢಿ ಗೇಮ್ ಜಾಮ್‌ನ ಹುಟ್ಟಿನಲ್ಲಿ ಇರಲಿಲ್ಲ. 2002ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಪ್ರೋಗ್ರಾಮರುಗಳು ಒಂದೆಡೆ ಕೂತು ನಾಲ್ಕಾರು ದಿನದಲ್ಲಿ ಆಟಗಳನ್ನು ಕಟ್ಟಿದರು, ಅದೇ ತಿಂಗಳು ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಅವನ್ನು ಸಭೆಗೆ ತೋರಿಸಿದರು. ಇಂಡಿ ಗೇಮ್ ಜಾಮ್ ಎಂದು ಹೆಸರಾದದ್ದು ಇದೇ. 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜಾಮ್ ಇದನ್ನು ಊರೂರಿಗೆ ಒಯ್ದಿತು. ಕಟ್ಟಿದವರಿಂದಲೇ ಬೆಳೆದ ಪದ್ಧತಿಯಿಂದ ಕಟ್ಟಿದವರನ್ನೇ ಹೊರಗಿಟ್ಟಿದ್ದು ಆಮೇಲಿನ ಕೆಲಸ.

ನಾವು ಕಲ್ಯಾಣದ ನೆಲದವರು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ದೋಣಿ ನಡೆಸುವವನು, ಚೆಲ್ಲಿದ ಅಕ್ಕಿ ಆಯುವವಳು, ಅರಸನ ಭಂಡಾರಿ ಒಂದೇ ಸಾಲಿನಲ್ಲಿ ಕೂತು ಮಾತಾಡಿದರು, ಒಬ್ಬೊಬ್ಬರ ವಚನಕ್ಕೂ ಅವರವರದೇ ಅಂಕಿತವಿತ್ತು. ಅಂಬಿಗರ ಚೌಡಯ್ಯ ತನ್ನ ಕಾಯಕ ಬೆರೆತ ಹೆಸರನ್ನೇ ಅಂಕಿತ ಮಾಡಿಕೊಂಡ. ಎಂಟುನೂರು ವರ್ಷ ದಾಟಿದರೂ ಯಾವ ವಚನ ಯಾರದೆಂದು ನಮಗೆ ಗೊತ್ತಾಗುವುದು ಅದರಿಂದಲೇ. ಅದೇ ನೆಲದ ಮಕ್ಕಳ ಆಟವನ್ನು ಹೆಸರಿಲ್ಲದೆ ತೋರಿಸಿದ್ದನ್ನು ನಾವು ಸಣ್ಣ ಮರೆವೆಂದು ಒಪ್ಪುವುದಿಲ್ಲ.

ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ತಂದ ರಾಜ್ಯ ನಮ್ಮದು. 2024ರ ಜನವರಿಯಲ್ಲಿ ಪ್ರಕಟವಾದ 2024–29ರ ನೀತಿ 30,000 ಹೊಸ ಉದ್ಯೋಗಗಳ ಮಾತಾಡುತ್ತದೆ. ಈ ಕ್ಷೇತ್ರಕ್ಕೆಂದೇ ಸರ್ಕಾರದ ಆಶ್ರಯದಲ್ಲಿ ಬೆಂಗಳೂರು ಜಿಎಎಫ್‌ಎಕ್ಸ್ ಸಮ್ಮೇಳನ ನಡೆಯುತ್ತದೆ. ಬೀದರಿನಿಂದ ಆ ಬೆಂಗಳೂರು ಏಳುನೂರು ಕಿಲೋಮೀಟರ್ ಆಸುಪಾಸು, ಹೈದರಾಬಾದ್ ಅದರ ಕಾಲು ಭಾಗದಷ್ಟು ದೂರವೂ ಇಲ್ಲ. ಆದರೂ ನಮ್ಮ ಹಕ್ಕು ಇರುವುದು ನಮ್ಮ ರಾಜ್ಯದಲ್ಲಿ. ಆದ್ದರಿಂದ ಒತ್ತಾಯಿಸುತ್ತೇವೆ:

1. ಜಾಮ್‌ನಲ್ಲಿ ಕಟ್ಟಿದ ಆಟವನ್ನು ಪರದೆ, ಪೋಸ್ಟರ್, ಕೈಪಿಡಿ, ಪತ್ರಿಕಾ ಪ್ರಕಟಣೆ, ಜಾಹೀರಾತು ಎಲ್ಲಿ ತೋರಿಸಿದರೂ ತಂಡದ ಪ್ರತಿಯೊಬ್ಬರ ಹೆಸರು, ಊರು ಮತ್ತು ಮಾಡಿದ ಕೆಲಸ ಆಟದ ಹೆಸರಿನ ಜೊತೆಯಲ್ಲೇ ಇರಬೇಕು.

2. ಆ ಹೆಸರುಗಳು ಕನ್ನಡ ಲಿಪಿಯಲ್ಲೂ ಇರಬೇಕು, ಅಚ್ಚಿಗೆ ಹೋಗುವ ಮುಂಚೆ ತಂಡದವರು ಓದಿ ಒಪ್ಪಿರಬೇಕು.

3. 'ವಿದ್ಯಾರ್ಥಿಗಳ ಆಟ', 'ಗ್ರಾಮೀಣ ಪ್ರತಿಭೆ' ಎಂಬ ಹಣೆಪಟ್ಟಿ ಹೆಸರಿನ ಜಾಗದಲ್ಲಿ ಬರಕೂಡದು.

4. ಪ್ರಾಯೋಜಕರ ಅಥವಾ ಕಾಲೇಜಿನ ಲಾಂಛನ ಕಟ್ಟಿದವರ ಹೆಸರಿಗಿಂತ ದೊಡ್ಡದಾಗಿರಕೂಡದು.

ಹೆಸರಿನ ಈ ಹಕ್ಕು ಕಾನೂನಿನಲ್ಲೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಕೃತಿಯ ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕು ಕರ್ತೃವಿಗೆ ಉಳಿಯುತ್ತದೆ. ಎರಡು ದಿನದ ಕೆಲಸಕ್ಕೆ ಎಂಥ ಹಕ್ಕು ಎಂದು ಕೇಳುವವರು 'ಸರ್ಜನ್ ಸಿಮ್ಯುಲೇಟರ್' ಆಟವನ್ನು ನೋಡಲಿ: 2013ರ ಗ್ಲೋಬಲ್ ಗೇಮ್ ಜಾಮ್‌ನಲ್ಲಿ 48 ಗಂಟೆಯಲ್ಲಿ ಹುಟ್ಟಿದ ಆ ಆಟ ಅದೇ ವರ್ಷ ಮಾರುಕಟ್ಟೆಗೆ ಬಂತು.

5. ಪ್ರದರ್ಶನದ ಅರ್ಜಿಯಲ್ಲಿ ಆ ಸಮ್ಮೇಳನದ ದಿನಗಳಿಗೆ ಆಟ ತೋರಿಸುವ ಅನುಮತಿಯನ್ನು ಮಾತ್ರ ಕೇಳಬೇಕು, ಆಟದ ಒಡೆತನವನ್ನು ಕೇಳಕೂಡದು.

6. ಅದಕ್ಕಿಂತ ಹೆಚ್ಚಿನ ಯಾವುದೇ ಹಕ್ಕು ಬೇಕಿದ್ದರೆ ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಹಣಕ್ಕೆ ಎಂಬುದನ್ನು ಅದೇ ಕಾಯ್ದೆಯ 19ನೇ ಕಲಮಿನಂತೆ ಬೇರೆ ಕರಾರಿನಲ್ಲಿ ಬರೆದು ಎಲ್ಲರ ಸಹಿ ಪಡೆಯಬೇಕು.

7. ಸಮ್ಮೇಳನದಲ್ಲಿ ತೆಗೆದ ಆಟದ ವಿಡಿಯೊ, ನಮ್ಮ ಫೋಟೊಗಳನ್ನು ಮುಂದಿನ ವರ್ಷದ ಪ್ರಚಾರಕ್ಕೆ ಬಳಸಲು ಹೊಸದಾಗಿ ಒಪ್ಪಿಗೆ ಕೇಳಬೇಕು.

ಇನ್ನು ಪ್ರದರ್ಶನದ ವಿಚಾರ. ಆಟ ಇರುವುದು ಆಡಲಿಕ್ಕೆ, ಬರೀ ನೋಡಿದರೆ ಅದರಲ್ಲಿ ಏನಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

8. ಆಯ್ಕೆಯಾದ ಪ್ರತಿ ಆಟವನ್ನೂ ಪ್ರೇಕ್ಷಕರು ಕೈಯಾರೆ ಆಡುವಂತೆ ಇಡಬೇಕು, ಬರೀ ವಿಡಿಯೊ ಓಡಿಸಿ ಅದನ್ನೇ ಪ್ರದರ್ಶನವೆಂದು ಲೆಕ್ಕಕ್ಕೆ ಹಿಡಿಯಕೂಡದು.

9. ಪ್ರತಿ ತಂಡಕ್ಕೂ ಮುಖ್ಯ ವೇದಿಕೆಯಲ್ಲಿ, ಜನ ಊಟಕ್ಕೆ ಏಳದ ಹೊತ್ತಿನಲ್ಲಿ, ಮೈಕ್ ಹಿಡಿದು ತಾನೇ ಆಡಿ ತೋರಿಸಲು ಕನಿಷ್ಠ 5 ನಿಮಿಷ ಕೊಡಬೇಕು.

10. ಆ ಮಾತು ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಅನುವಾದಿಸುವ ಹೊಣೆ ಸಂಘಟಕರದು.

11. ಆಟ ಎಷ್ಟು ಗಂಟೆಯಲ್ಲಿ, ಯಾವ ಥೀಮಿಗೆ, ಎಷ್ಟು ಜನ ಕೂಡಿ ಕಟ್ಟಿದ್ದು ಎಂಬ ಫಲಕ ಪ್ರತಿ ಮೇಜಿನ ಮೇಲಿರಬೇಕು, ಏಕೆಂದರೆ ಎರಡು ದಿನದ ಆಟವನ್ನು ಎರಡು ವರ್ಷದ ಆಟದ ಪಕ್ಕದಲ್ಲಿಟ್ಟು ಅಳೆಯುವುದು ಅನ್ಯಾಯ.

12. ಆಯ್ಕೆಯ ಸುದ್ದಿ ಮುಟ್ಟಿದ ಮೇಲೆ ತೊಡಕುಗಳನ್ನು ಸರಿಪಡಿಸಿ ಹೊಸ ಬಿಲ್ಡ್ ಕಳಿಸಲು ಕನಿಷ್ಠ ಮೂರು ವಾರ ಕೊಡಬೇಕು.

13. ಆಟಕ್ಕೆ ಬೇಕಾದಷ್ಟು ಕಂಟ್ರೋಲರ್, ಹೆಡ್‌ಫೋನ್, ಯುಪಿಎಸ್ ಕೊಡಬೇಕು, ಮತ್ತು ತಂಡದವರು ತಮ್ಮ ಮೇಜಿನ ಪಕ್ಕ ನಿಲ್ಲುವುದನ್ನು ಯಾರೂ ತಡೆಯಕೂಡದು.

14. 1963ರಿಂದ ಕನ್ನಡ ಆಡಳಿತ ಭಾಷೆಯಾಗಿರುವ ರಾಜ್ಯದಲ್ಲಿ ಅರ್ಜಿ, ನಿಯಮ, ತೀರ್ಪು ಎಲ್ಲವೂ ಕನ್ನಡದಲ್ಲಿ ಸಿಗಬೇಕು.

15. ಆಟದೊಳಗಿನ ಮಾತು ಕನ್ನಡ, ಮರಾಠಿ ಅಥವಾ ಉರ್ದು ಎಂಬ ಕಾರಣಕ್ಕೆ ಯಾವ ಆಟವನ್ನೂ ಕೈಬಿಡಕೂಡದು.

16. ಆಯ್ಕೆ ಸಮಿತಿಯಲ್ಲಿ ಕಲ್ಯಾಣ ಕರ್ನಾಟಕದಲ್ಲೇ ಇದ್ದು ಆಟ ಕಟ್ಟುವವರೊಬ್ಬರು ಇರಲೇಬೇಕು.

17. ತಂಡದ ನಾಲ್ವರವರೆಗೆ ಪ್ರಯಾಣ, ವಸತಿ, ಊಟದ ಹಣವನ್ನು ಹೊರಡುವ ಮುಂಚೆಯೇ ಕೊಡಬೇಕು, ಏಕೆಂದರೆ ಬಿಲ್ಲು ಕಳಿಸಿ ತಿಂಗಳುಗಟ್ಟಲೆ ಕಾಯುವ ಶಕ್ತಿ ನಮ್ಮ ಮನೆಗಳಿಗಿಲ್ಲ.

18. ತಂಡದ ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿಯ ಜೊತೆಗೆ, ಮನೆಯವರು ಬಯಸಿದರೆ ಅವರ ಜೊತೆ ಬರುವ ಒಬ್ಬರ ಪ್ರಯಾಣವೆಚ್ಚವನ್ನೂ ಭರಿಸಬೇಕು.

19. ಆಟ ತೋರಿಸುವವರಿಗೆ ಸಮ್ಮೇಳನದ ಎಲ್ಲ ದಿನ, ಎಲ್ಲ ಗೋಷ್ಠಿಗಳಿಗೂ ಪ್ರವೇಶ ಉಚಿತವಿರಬೇಕು.

20. ಮೇಜಿನ ಬಳಿ ನಿಂತು ದುಡಿದ ಪ್ರತಿ ದಿನಕ್ಕೂ ಗೌರವಧನ ಕೊಡಬೇಕು.

2018ರಲ್ಲಿ ಹುಲಸೂರ ತಾಲ್ಲೂಕಾಯಿತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371(ಜೆ) ವಿಧಿ ಅದಕ್ಕೂ ಮೊದಲೇ, 2013ರಲ್ಲಿ, ಜಾರಿಗೆ ಬಂದಿತ್ತು. ಉಳಿದ ಒತ್ತಾಯಗಳು ಈ ಎರಡರ ಅರ್ಥ ನೆಲದ ಮೇಲೆ ಕಾಣಲಿ ಎಂದು.

21. ರಾಜ್ಯದ ಹಣ ಪಡೆಯುವ ಪ್ರತಿ ಸಮ್ಮೇಳನದಲ್ಲೂ ಜಾಮ್ ಆಟಗಳಿಗೆ ಮೀಸಲಾದ ಜಾಗದಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಪಾಲನ್ನು ಬರಹದಲ್ಲಿ ನಿಗದಿ ಮಾಡಬೇಕು.

22. ಪ್ರತಿ ವರ್ಷ ಜನವರಿ ಕೊನೆಯ ವಾರದಲ್ಲಿ ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ಮೂರರಲ್ಲೂ 48 ಗಂಟೆ ಕರೆಂಟ್, ಇಂಟರ್ನೆಟ್, ಕಂಪ್ಯೂಟರ್ ಇರುವ ಒಂದೊಂದು ಜಾಮ್ ಕೇಂದ್ರ ನಡೆಸಲು ಪ್ರದೇಶಾಭಿವೃದ್ಧಿ ಮಂಡಳಿ ತನ್ನ ಬಜೆಟ್‌ನಲ್ಲಿ ಹಣ ತೆಗೆದಿಡಬೇಕು.

23. ಹಾಗೆ ಹುಟ್ಟಿದ ಆಟಗಳನ್ನು ತೋರಿಸಲು ವರ್ಷಕ್ಕೊಮ್ಮೆ ಬಸವಕಲ್ಯಾಣದಲ್ಲೇ ಪ್ರದರ್ಶನ ನಡೆಸಿ, ಬೆಂಗಳೂರಿನ ಸ್ಟುಡಿಯೊಗಳನ್ನು ಇಲಾಖೆಯೇ ಇಲ್ಲಿಗೆ ಕರೆತರಬೇಕು.

24. 2024ರ ನೀತಿ ಬಂದಂದಿನಿಂದ ಯಾವ ಜಿಲ್ಲೆಯ ಎಷ್ಟು ಜನರಿಗೆ ತರಬೇತಿ, ಪ್ರದರ್ಶನ, ಧನಸಹಾಯ ಸಿಕ್ಕಿದೆ ಎಂಬ ಪಟ್ಟಿಯನ್ನು ಜಿಲ್ಲಾವಾರು ಪ್ರಕಟಿಸಬೇಕು.

25. ಈ ಪತ್ರಕ್ಕೆ ಉತ್ತರಿಸಲು ಒಬ್ಬ ಅಧಿಕಾರಿಯನ್ನು ಹೆಸರಿಸಿ, 30 ದಿನದೊಳಗೆ ಪ್ರತಿ ಅಂಶಕ್ಕೂ ಪ್ರತ್ಯೇಕವಾಗಿ ಲಿಖಿತ ಉತ್ತರ ಕೊಡಬೇಕು.

ಒಪ್ಪಲಾಗದ ಅಂಶವಿದ್ದರೆ ಅದರ ಸಂಖ್ಯೆಯನ್ನೂ ಕಾರಣವನ್ನೂ ಬರೆಯಿರಿ. 'ಪರಿಶೀಲಿಸಲಾಗುವುದು' ಎಂಬ ಒಂದೇ ಸಾಲನ್ನು ಉತ್ತರವೆಂದು ನಾವು ಸ್ವೀಕರಿಸುವುದಿಲ್ಲ. ನಿಮ್ಮ ಕಾಗದ ಬಂದ ದಿನವೇ ಅದನ್ನು ಮೂರೂ ತಾಲ್ಲೂಕುಗಳ ಕಾಲೇಜುಗಳ ಸೂಚನಾ ಫಲಕಕ್ಕೆ ಹಚ್ಚುತ್ತೇವೆ. ಮುಂದಿನ ಗ್ಲೋಬಲ್ ಗೇಮ್ ಜಾಮ್ ಜನವರಿ ಕೊನೆಗೆ, ನಮ್ಮ ತಂಡಗಳು ಆಗಲೇ ಸೇರಿವೆ.

ಇಂತಿ,
ಹುಲಸೂರ, ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಆಟ ಕಟ್ಟುವವರು