ಸೂಪರ್‌ವೈಸರ್ ಒಳ್ಳೆಯವನಾದರೆ ಲೆಕ್ಕದಲ್ಲಿ ಕಾಣುವುದೇ?

ಬೆಂಗಳೂರು: ಸಿದ್ಧ ಉಡುಪು ಕಾರ್ಖಾನೆಯಲ್ಲಿ ಟಾರ್ಗೆಟ್ ತಪ್ಪಿದರೆ ಮಾತು ಕೇಳಬೇಕಾದವಳು ಹೊಲಿಗೆ ಯಂತ್ರದ ಮುಂದೆ ಕುಳಿತ ಮಹಿಳೆ. ಲೋಪ ಆಕೆಯದೋ, ಲೈನಿನ ಉಸ್ತುವಾರಿ ಹೊತ್ತವನದೋ ಎಂಬ ವಿಚಾರಣೆ ನಡೆಯುವುದೇ ಅಪರೂಪ. ಆ ಕೆಲಸವನ್ನೀಗ ಅಂಕಿ-ಅಂಶ ತಜ್ಞರು ಕೈಗೆತ್ತಿಕೊಂಡಿದ್ದಾರೆ.

ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಭಾರತದ ದೊಡ್ಡ ಉಡುಪು ಕಂಪನಿಯೊಂದರ ಎರಡು ವರ್ಷಗಳ ದೈನಂದಿನ ಉತ್ಪಾದನೆಯನ್ನು ಲೈನುವಾರು ಪಡೆದು, ಸೂಪರ್‌ವೈಸರ್‌ಗಳ ಸಮೀಕ್ಷೆಯೊಂದಿಗೆ ಜೋಡಿಸಿ ನೋಡಿದರು. 2023ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಕೆಲಸಗಾರರತ್ತ ನಿಗಾ ಇಡುವ, ಸ್ವಂತ ನಿರ್ಧಾರ ಕೈಗೊಳ್ಳುವ, ಪರಿಸ್ಥಿತಿ ತನ್ನ ಹಿಡಿತದಲ್ಲಿದೆ ಎಂದು ನಂಬುವ ಸೂಪರ್‌ವೈಸರ್‌ಗಳ ಲೈನುಗಳಲ್ಲಿ ಉತ್ಪಾದನೆ ಹೆಚ್ಚು, ಕಲಿಕೆಯೂ ಚುರುಕು.

ಉತ್ಪಾದನೆಯನ್ನೇ ಏಕೆ ಅಳೆಯಬೇಕು? ಕಚೇರಿಗಳ ಸಾಮಾನ್ಯ ಸಮೀಕ್ಷೆಗಳಲ್ಲಿ ಮೇಲಧಿಕಾರಿಗೆ ಅಂಕ ಕೊಡುವವನೂ, ತನ್ನ ತೃಪ್ತಿಯನ್ನು ಹೇಳಿಕೊಳ್ಳುವವನೂ ಒಬ್ಬನೇ ನೌಕರ. ಅಂದು ಆತನ ಮನಸ್ಸು ಕೆಟ್ಟಿದ್ದರೆ ಎರಡೂ ಉತ್ತರ ಕೆಡುತ್ತವೆ. ಕಾಗದದ ಮೇಲೆ ಮಾತ್ರ ಎರಡರ ನಡುವೆ ಗಟ್ಟಿ ಸಂಬಂಧ ಕಾಣಿಸುತ್ತದೆ. ಇಂಥ ಕೋಷ್ಟಕಗಳನ್ನು ನಂಬಿ ಬಡ್ತಿ ಕೊಡುವ ಸಂಸ್ಥೆಗಳು ಎಚ್ಚರ ವಹಿಸಬೇಕು. ಇನ್ನೊಂದು ತೊಡಕೂ ಉಂಟು. ಚೆನ್ನಾಗಿ ದುಡಿಯುವ ತಂಡವೇ ಸಿಕ್ಕವನು ಉತ್ತಮ ನಾಯಕನಂತೆ ತೋರುತ್ತಾನೆ.

ಈ ತೊಡಕಿಗೆ ಅಮೆರಿಕದ ಎಡ್ವರ್ಡ್ ಲೇಜಿಯರ್, ಕ್ಯಾಥರಿನ್ ಶಾ, ಕ್ರಿಸ್ಟಫರ್ ಸ್ಟ್ಯಾಂಟನ್ 2015ರಲ್ಲಿ ಕೊಟ್ಟ ಪರಿಹಾರ ಸರಳ: ಅದೇ ನೌಕರ ಬೇರೆ ಬೇರೆ ಮೇಲಧಿಕಾರಿಗಳ ಕೈಕೆಳಗೆ ಎಷ್ಟು ದುಡಿಯುತ್ತಾನೆಂದು ನೋಡುವುದು. ಸೇವಾ ಕಂಪನಿಯೊಂದರ 23,878 ನೌಕರರು ಮತ್ತು 1,940 ಮೇಲಧಿಕಾರಿಗಳ ದಾಖಲೆ ಅವರ ಬಳಿಯಿತ್ತು. ತೀರಾ ಕೆಳಗಿನ ಶೇ.10ರಲ್ಲಿರುವ ಮೇಲಧಿಕಾರಿಯ ಜಾಗಕ್ಕೆ ಮೇಲಿನ ಶೇ.10ರವನನ್ನು ತಂದರೆ, ಒಂಬತ್ತು ಮಂದಿಯ ತಂಡಕ್ಕೆ ಇನ್ನೊಬ್ಬ ಸೇರಿದಷ್ಟು ಲಾಭವಾಗುತ್ತದೆಂದು ಲೆಕ್ಕ ಹೇಳಿತು.

ಬಾಯಿ ತೆರೆಯಲು ಅವಕಾಶ ಕೊಡುವುದಕ್ಕೂ ಬೆಲೆಯಿದೆ. ಭಾರತದ ಉಡುಪು ಕಾರ್ಖಾನೆಗಳ ಮೇಲೆ 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ನಿರಾಸೆ ಮೂಡಿಸಿದ ವೇತನ ಏರಿಕೆಯ ಬೆನ್ನಲ್ಲೇ ಚೀಟಿ ಎತ್ತಿದಂತೆ ಆರಿಸಿದ ಕೆಲಸಗಾರರಿಂದ, ಹೆಸರು ಕೇಳದೆ, ಸೂಪರ್‌ವೈಸರ್ ಹಾಗೂ ಕೆಲಸದ ಸ್ಥಿತಿಗತಿ ಕುರಿತು ಅಭಿಪ್ರಾಯ ಪಡೆಯಲಾಯಿತು. ಅವರಲ್ಲಿ ಕೆಲಸ ಬಿಡುವುದೂ, ಗೈರುಹಾಜರಿಯೂ ತಗ್ಗಿದವು.

ಇಷ್ಟಾದರೂ, ಲೈನಿಗೆ ಲಾಭ ತಂದ ಸೂಪರ್‌ವೈಸರ್‌ಗಳ ಗುಣಗಳಿಗೆ ತಕ್ಕಂತೆ ಅವರ ಸಂಬಳ ಏರಿರಲಿಲ್ಲ ಎಂಬುದನ್ನೂ 2023ರ ಅಧ್ಯಯನ ದಾಖಲಿಸಿದೆ.